ನಾಲ್ಕು ಬೆರಳು ತೆರೆದಿಟ್ಟ ಗಾಜಿನ ಬಾಗಿಲು

ಬೆಲ್ಲದ ಬಾಗೇವಾಡಿಯ ನಮ್ಮ ಮನೆಯ ಹಿಂದಿನ ಗೋಡೆ ಒಡೆದು ಗಾಜಿನ ಬಾಗಿಲು ಕೂಡಿಸಿದಾಗ ನಗದವರೇ ಕಡಿಮೆ. ಕುರಿ ಕಾಯುವವರ ಮನೆಗೆ ಬಟ್ಟೆ ಅಂಗಡಿಯ ಬಾಗಿಲು ಯಾಕೆ ಎಂದು ಓಣಿಯವರು ಕೇಳಿದರು. ಕೇಳಿದವರಿಗೆಲ್ಲ ನನ್ನ ಮಾವ ಒಂದೇ ಉತ್ತರ ಕೊಟ್ಟರು: "ಅಕಿಗೆ ಹೊರಗ ಕಾಣಬೇಕು."

ಅಕಿ ಎಂದರೆ ನನ್ನ ಅತ್ತೆ. ಲಕ್ವಾ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತಿನಲ್ಲಿ ಮೂರೋ ನಾಲ್ಕೋ ಶಬ್ದ ಮಾತ್ರ ಉಳಿದಿದ್ದವು. ಚಿಕ್ಕಂದಿನಿಂದ ಕುರಿಗಳ ಹಿಂದೆ ಅಡವಿ ತಿರುಗಿದ ಹೆಂಗಸು, ಕಂಬಳಿ ಹೊದ್ದು ಬಯಲಲ್ಲೇ ಮಲಗಿ ಎದ್ದವರು. ಹಿಂದಿನ ಕೋಣೆಯ ಮಂಚದ ಮೇಲೆ ಮಲಗಿಸಿದ ಮೇಲೆ ಹಗಲೆಲ್ಲ ಗೋಡೆ ನೋಡುತ್ತ ಕಣ್ಣೀರು ಹಾಕುತ್ತಿದ್ದರು. ಆ ಗೋಡೆಯ ಆಚೆಗೇ ಹಿತ್ತಲು, ಹಿತ್ತಲಲ್ಲಿ ನಮ್ಮ ಕುರಿಗಳನ್ನು ಕೂಡುವ ದಡ್ಡಿ. ಕುರಿ ಕೂಗುವುದು ಅವರಿಗೆ ಕೇಳುತ್ತಿತ್ತು, ಕಾಣುತ್ತಿರಲಿಲ್ಲ.

ಗೋಕಾಕದಿಂದ ಗಾಜಿನ ಕೆಲಸದ ಭಾಯಿಯೊಬ್ಬರನ್ನು ಕರೆಸಿದೆವು. ಹಳಿಯ ಮೇಲೆ ಪಕ್ಕಕ್ಕೆ ಸರಿಯುವ ಆಳೆತ್ತರದ ಎರಡು ಗಾಜಿನ ಕದಗಳನ್ನು ಅವರು ಎರಡು ದಿನದಲ್ಲಿ ಕೂಡಿಸಿದರು. ಹೊರಡುವಾಗ ನನ್ನನ್ನು ಕರೆದು ಚಿಲಕ ತೋರಿಸಿದರು. ನಾನು ಯಮಕನಮರಡಿಯ ಸಾಲೆಯಲ್ಲಿ ಕಲಿಸುವವಳಾದ್ದರಿಂದ ಅವರಿಗೂ ಅಕ್ಕೋರೇ.

"ಅಕ್ಕೋರ, ಈ ಚಿಲಕ ಗಾಳಿಗೆ ಕದಾ ಸರೀಬಾರದಂತ ಇರೂದು. ಕಳ್ಳರಿಗಲ್ಲ. ಮುಂದ ಒಂದು ಗಟ್ಟಿ ಬಂದೋಬಸ್ತ ಮಾಡಿಸ್ಕೋರಿ."

ಹೂಂ ಅಂದೆ. ನನ್ನ ಗಂಡ ಲಾರಿ ತೆಗೆದುಕೊಂಡು ಹೋದರೆ ವಾರಗಟ್ಟಲೆ ಬರುವುದಿಲ್ಲ, ನಾನು ಸಾಲೆಗೆ, ಮಾವ ಕುರಿಗೆ. ಆದರೂ ಅತ್ತೆಯ ತಂಗಿ ಹಗಲು ಬಂದು ಅವರ ಬಳಿ ಕೂಡುತ್ತಿದ್ದರಿಂದ ಮನೆ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಭಾಯಿಯ ಮಾತು ಮರೆತುಹೋಯಿತು.

ಗಾಜಿನಿಂದ ಅತ್ತೆಗೆ ಎಲ್ಲ ಕಂಡಿತು. ಆದರೆ ಎರಡೇ ದಿನಕ್ಕೆ "ತಗಿ, ತಗಿ" ಎಂದು ಎಡಗೈ ಬೀಸತೊಡಗಿದರು. ಕಂಡರೆ ಸಾಲದಾಗಿತ್ತು, ದಡ್ಡಿಯ ವಾಸನೆ ಬೇಕಾಗಿತ್ತು. ಪೂರಾ ತೆಗೆದರೆ ನಾಯಿ ನುಗ್ಗುತ್ತವೆಂದು ಮಾವ ನಾಲ್ಕು ಬೆರಳಿನಷ್ಟು ಮಾತ್ರ ಸರಿಸಿಟ್ಟರು. ಹೊಸ ಮರಿ ಹುಟ್ಟಿದಾಗ ಅದನ್ನು ಎತ್ತಿಕೊಂಡು ಬಂದು ಆ ಸಂದಿಗೆ ಅದರ ಮೂತಿ ಹಿಡಿಯುತ್ತಿದ್ದರು. ಅತ್ತೆ ಎಡಗೈ ಚಾಚಿ ಮುಟ್ಟುತ್ತಿದ್ದರು.

ಒಂದು ದಿನ ಅತ್ತೆ ತಮ್ಮ ಪೆಟ್ಟಿಗೆ ತರಿಸಿ, ಅದರಲ್ಲಿದ್ದ ಬಂಗಾರದ ಗುಂಡುಗಳ ಬೋರಮಾಳ ಸರವನ್ನು ತೆಗೆದು, ನನಗೆ ಬಗ್ಗು ಎಂದು ಸನ್ನೆ ಮಾಡಿದರು. ಒಂದೇ ಕೈಯಲ್ಲಿ ಕಟ್ಟಲಾಗದೆ ಸರ ಜಾರಿತು. ಮಾವ ಹಿಂದೆ ಬಂದು ನಿಂತು ದಾರ ಗಂಟು ಹಾಕಿದರು. ನನ್ನ ತವರಿನಲ್ಲೂ ಯಾರೂ ನನಗೆ ಹಾಗೆ ಏನನ್ನೂ ತೊಡಿಸಿರಲಿಲ್ಲ.

ಎರಡು ವರ್ಷದ ಮೇಲೆ, ಚಳಿಗಾಲದ ಒಂದು ಮಧ್ಯಾಹ್ನ ಅತ್ತೆ ಹೋದರು. ಮಾವ ಹತ್ತರಗಿಯ ಕಡೆ ಕುರಿ ಮೇಯಿಸುತ್ತಿದ್ದರು. ಸುದ್ದಿ ತಲುಪಿ ಬಂದವರು ಒಳಗೆ ಬರಲಿಲ್ಲ. ಹಿತ್ತಲಲ್ಲಿ ನಿಂತು ಗಾಜಿನ ಆಚೆಯಿಂದಲೇ ನೋಡಿದರು. ನಾನೇ ಹೋಗಿ ಕೈ ಹಿಡಿದು ಕರೆತಂದೆ.

ಆಮೇಲೆ ಅತ್ತೆಯ ತಂಗಿ ಬರುವುದು ನಿಂತಿತು, ಹಗಲು ಮನೆಗೆ ಬೀಗ ಬಿತ್ತು. ಮುಂದಿನ ಬಾಗಿಲಿಗೆ ನಾನೇ ಕೀಲಿ ಹಾಕಿ ಮೊದಲು ಹೊರಡುತ್ತಿದ್ದೆ. ಮಾವ ಆಮೇಲೆ ಗಾಜಿನ ಬಾಗಿಲಿನಿಂದ ಹಿತ್ತಲಿಗೆ ಇಳಿದು ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಸಂಜೆ ಮಾವನಿಗಿಂತ ಮೊದಲು ಬಂದಾಗ ಎರಡು ಮೂರು ಸಲ ಗಾಜಿನ ಬಾಗಿಲು ತುಸು ಸರಿದಿದ್ದು ಕಂಡಿತ್ತು. ಚಿಲಕ ಸವೆದಿರಬೇಕು ಎಂದುಕೊಂಡು ಸುಮ್ಮನೆ ಮುಚ್ಚಿದ್ದೆ.

ಒಂದು ಸಂಜೆ ಬಂದರೆ ಕಪಾಟಿನ ಬಟ್ಟೆಯೆಲ್ಲ ನೆಲದ ಮೇಲಿತ್ತು. ಗಾಜಿನ ಬಾಗಿಲು ಹಾರು ಹೊಡೆದಿತ್ತು. ಬೋರಮಾಳ ಇರಲಿಲ್ಲ. ಬೇರೆ ಏನೇನು ಹೋಗಿದೆ ಎಂದು ನಾನು ನೋಡಲೂ ಇಲ್ಲ. ಪೊಲೀಸರು ಬಂದರು, ಬರೆದುಕೊಂಡರು, ಹೋದರು.

ಮೂರನೇ ದಿನ, ನಾನು ಕರೆಸಿದ್ದ ಗೋಕಾಕದ ಭಾಯಿ ಬಂದರು. ಮೊದಲು ಹಳಿಯ ಬಳಿ ಮೊಣಕಾಲೂರಿ ಕೂತು, ಬೆರಳಿನಿಂದ ಅಂಚನ್ನೆಲ್ಲ ಸವರಿದರು.

"ಇಂಥಾ ಬಾಗಲಾ ಒಡೀಬೇಕಾದ್ರ ಕಳ್ಳರು ಕದಾನ ಮ್ಯಾಲಕ್ಕೆತ್ತಿ ಹಳಿ ಬಿಡಸ್ತಾರ್ರಿ. ಹಂಗ ಮಾಡಿದ್ರ ಇಲ್ಲೆ ಗೀರು ಬೀಳತೈತಿ. ಒಂದೂ ಇಲ್ಲ. ಚಿಲಕಾನೂ ಮುರದಿಲ್ಲ. ಬಾಗಲಾ ತಗದ ಇತ್ತರಿ ಅಕ್ಕೋರ."

ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿತ್ತಲಲ್ಲಿ ನಿಂತಿದ್ದರು. ಮೂರು ದಿನದ ಸಿಟ್ಟೆಲ್ಲ ನನ್ನ ಬಾಯಿಗೆ ಬಂತು.

"ಕುರಿ ದಡ್ಡಿಗೆ ಕೊಂಡಿ ಹಾಕೂದು ಒಂದ ದಿನಾನೂ ಮರತಿಲ್ಲ ನೀವು. ಮನಿ ಬಾಗಲಾ ಹೆಂಗ ಮರತ್ರಿ ಮಾವಾ?"

ಪರರ ಎದುರು, ಅಷ್ಟು ದೊಡ್ಡ ದನಿಯಲ್ಲಿ, ನಾನು ಅವರಿಗೆ ಅಂದದ್ದು ಅದೊಂದೇ ಸಲ. ಅವರು ತಲೆ ಎತ್ತಲಿಲ್ಲ.

"ಮರತಿಲ್ಲ ಯವ್ವಾ," ಅಂದರು. "ನಾನ ತಗದಿಟ್ಟ ಹೋಗತಿದ್ನಿ."

"ಯಾಕ್ರಿ?"

"ಅಕಿ ಇದ್ದಾಗ ತಗಿ ತಗಿ ಅಂತಿದ್ಲು. ಈಗ ಪೂರಾ ಮುಚ್ಚಾಕ ಹೋದ್ರ, ಅಕಿನ್ನ ಹೊರಗ ಬಿಟ್ಟು ಕದಾ ಹಾಕಿದಂಗ ಆಗತಿತ್ತು. ಕೈ ಬರಲಿಲ್ಲ." ಕಂಬಳಿ ಹೆಗಲ ಮೇಲೆ ಎಳೆದುಕೊಂಡು ಮತ್ತೆ ಅಂದರು, "ಅಕಿ ನಿನಗ ಕೊಟ್ಟದ್ದು ನಾನ ಕಳದೆ."

ಭಾಯಿ ತಮ್ಮ ಚೀಲದಲ್ಲಿ ಏನನ್ನೋ ಹುಡುಕುತ್ತ ಅತ್ತ ತಿರುಗಿದರು.

ಗಂಡನಿಗೆ ಫೋನ್ ಮಾಡಿದರೆ, ಆ ಬಾಗಿಲೇ ಬೇಡ, ಗೋಡೆ ಕಟ್ಟಿಸಿಬಿಡು ಎಂದ. ಮಾವನೂ ಹಾಗೇ ಅಂದರು: "ಗ್ವಾಡಿ ಕಟ್ರಿ. ಕಾಣಬೇಕಾದಾಕಿ ಹೋದ್ಲು." ಬೇಡ ಅಂದವಳು ನಾನು. ಯಾಕೆಂದು ಹೇಳಲು ಬರಲಿಲ್ಲ. ಭಾಯಿ ನನ್ನ ಪರವಾಗಿ ಮಾತಾಡಿದರು.

"ಗ್ವಾಡಿ ಬ್ಯಾಡ್ರಿ ಕಾಕಾ. ನಾ ಗಟ್ಟಿ ಮಾಡಿ ಕೊಡತೇನಿ."

ಕದ ಎತ್ತಲು ಬಾರದಂತೆ ಅವರು ಮೇಲಿನ ಹಳಿಯಲ್ಲಿ ಅಡ್ಡ ಸ್ಕ್ರೂ ಬಿಗಿದರು. ಹಳೆಯ ಗಾಜು ತೆಗೆದು, ನಡುವೆ ತೆಳ್ಳನೆಯ ಪೊರೆ ಇರುವ ಜೋಡಿ ಗಾಜು ಹಾಕಿದರು. ಕಲ್ಲು ಬಿದ್ದರೆ ಬಿರುಕು ಬಿಡುತ್ತದಂತೆ, ಕಳಚಿ ಬೀಳುವುದಿಲ್ಲವಂತೆ. ಕೊನೆಗೆ ಎರಡೂ ಕದ ಸೇರಿಸಿ ಒಳಗಿನಿಂದ ಉಕ್ಕಿನ ಬೋಲ್ಟು ಹಾಕಲು ತೂತು ಕೊರೆದರು. ಇನ್ನು ಮುಂದೆ ಮಾವ ಅದನ್ನು ಹಾಕಿ ಮುಂದಿನ ಬಾಗಿಲಿನಿಂದಲೇ ಹೊರಗೆ ಹೋಗಬೇಕು ಎಂದಾಯಿತು.

ಅಷ್ಟಾದ ಮೇಲೆ ಭಾಯಿ ಮಾವನನ್ನು ಕರೆದರು. "ಕಾಕಾ, ಎಷ್ಟ ತಗದಿಡತಿದ್ರಿ?"

ಮಾವ ನಾಲ್ಕು ಬೆರಳು ತೋರಿಸಿದರು. ಭಾಯಿ ಕದವನ್ನು ಅಷ್ಟೇ ಸರಿಸಿ, ಪೆನ್ಸಿಲ್ಲಿನಿಂದ ಗುರುತು ಹಾಕಿ, ಅಲ್ಲೊಂದು ತೂತು ಕೊರೆದರು.

"ಇಷ್ಟ ತಗದೂ ಬೋಲ್ಟ ಹಾಕಬಹುದರಿ. ಕೈ ಬರತೈತಿ, ಮನಷ್ಯಾ ಬರೂದಿಲ್ಲ. ಮನ್ಯಾಗ ಯಾರರ ಇದ್ದಾಗ ಅಷ್ಟ ಹಾಕ್ರಿ."

ಮಾವ ತಲೆಯಾಡಿಸಿದರು. ಕೈಮುಗಿದರು. ಆದರೆ ಆ ಎರಡನೇ ತೂತಿಗೆ ಅವರು ಒಂದು ದಿನವೂ ಬೋಲ್ಟು ಹಾಕಲಿಲ್ಲ. ರವಿವಾರ ಮನೆಯಲ್ಲಿದ್ದಾಗ ನಾನೇ ಹಾಕಿಟ್ಟೆ. ಅವರು ಬಂದು ನೋಡಿ ಕದ ಪೂರಾ ಎಳೆದು ಮುಚ್ಚಿದರು. ಹಿಂದಿನ ಕೋಣೆಯಲ್ಲಿದ್ದ ಅವರ ಹಾಸಿಗೆ ಮುಂದಿನ ಪಡಸಾಲೆಗೆ ಬಂತು.

ಬೋರಮಾಳ ಸಿಗಲಿಲ್ಲ. ವರ್ಷವಾಯಿತು, ಅದರ ಆಸೆ ಬಿಟ್ಟಿದ್ದೇನೆ. ಆ ದಿನ ನಾನು ಅಂದ ಮಾತು ಮಾತ್ರ ಸಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಬರೆಸುವಾಗಲೂ ಒಮ್ಮೊಮ್ಮೆ ಕಿವಿಗೆ ಬರುತ್ತದೆ. ಒಂದು ದಿನ ಧೈರ್ಯ ಮಾಡಿ, "ನಾ ಹಂಗ ಅನಬಾರದಿತ್ತರಿ ಮಾವಾ" ಎಂದೆ.

"ನೀ ಖರೇನ ಅಂದಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಈಗ ನಾನು ಸಾಲೆಗೆ ಹೊರಡುವ ಮೊದಲೇ ಅವರು ಕುರಿ ಬಿಡುತ್ತಾರೆ. ಬೋಲ್ಟು ಹಾಕಿ, ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ನೋಡಬಾ ಯವ್ವಾ, ಸರಿ ಐತೇನ."

ನೋಡುವುದು ಬೇಡ, ನೀವು ಹಾಕಿದ್ದರೆ ಸರಿ ಇರುತ್ತದೆ ಎಂದು ಎಷ್ಟು ಸಲ ಹೇಳಿದರೂ ಅವರು ಅಲ್ಲಿಂದ ಕದಲುವುದಿಲ್ಲ. ರೊಟ್ಟಿ ಹಿಟ್ಟಿನ ಕೈಯಲ್ಲೇ ಹೋಗಿ, ಬೋಲ್ಟನ್ನು ಹೆಬ್ಬೆರಳಿನಿಂದ ಒತ್ತಿ, "ಸರಿ ಐತ್ರಿ ಮಾವಾ" ಎನ್ನುತ್ತೇನೆ. ಆಮೇಲೆ ಅವರು ಕೋಲು ತೆಗೆದುಕೊಂಡು ಹೊರಡುತ್ತಾರೆ.