ಅಮಾನತ್ತಿಗೆ ಬಂದ ಗ್ರಾಫಿಕ್ಸ್ ಕಾರ್ಡು

ಮಕ್ಕಳ ಮರದ ಸ್ಕೇಲು ಹಿಡಿದು ಕಂಪ್ಯೂಟರಿನ ಹೊಟ್ಟೆಯನ್ನು ಅಳೆಯುವ ಗೃಹಸ್ಥನನ್ನು ನೀವು ಕಂಡಿರಲಾರಿರಿ. ಕಾಣಬೇಕಿದ್ದರೆ, ಮಳೆ ಎರಡು ವರ್ಷ ಕೈಕೊಟ್ಟ ಆ ಬೇಸಿಗೆಯಲ್ಲಿ ಬೀದರಿನ ನಮ್ಮ ಮನೆಗೆ ಬರಬೇಕಿತ್ತು. ಅಂಗಳದಲ್ಲಿ ನನ್ನ ಹೆಂಡತಿ ನೀರಿನ ಸಂಪಿನೊಳಗೆ ಕೋಲು ಇಳಿಸಿ ಎಷ್ಟು ಗೇಣು ನೀರು ಉಳಿದಿದೆ ಎಂದು ನೋಡುತ್ತಿದ್ದಳು. ಒಳಗೆ ನಾನು ಹೊಸ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಇಂಚು ಜಾಗವಿದೆ ಎಂದು ನೋಡುತ್ತಿದ್ದೆ. ಎರಡು ಅಳತೆಗಳಲ್ಲಿ ಸಂಸಾರಕ್ಕೆ ಬೇಕಾದದ್ದು ಯಾವುದೆಂದು ಅವಳು ಕೇಳಲಿಲ್ಲ. ಕೇಳದಿರುವುದೇ ಅವಳ ಬೈಗುಳ ಎಂಬುದು ನನಗೆ ಗೊತ್ತಿತ್ತು.

ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಮನುಷ್ಯನಿಗೆ ಕಂಪ್ಯೂಟರ್ ಆಟದ ಹುಚ್ಚೇಕೆ ಎಂದು ನೀವೂ ಕೇಳಬಹುದು. ಅದನ್ನು ಹಚ್ಚಿದವನು ಎದುರು ಮನೆಯ ಶಿವರಾಜ. ಭಾತಂಬ್ರಾ ಎಂಬ ಹಳ್ಳಿಯವನು, ಊರ ಹೊರಗಿನ ಕೊಳಾರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅವನ ಕಿಟಕಿಯಿಂದ ನನ್ನ ಕಿಟಕಿಗೆ ಓಣಿಯ ಮೇಲೆ ಒಂದು ಕೇಬಲ್ಲು ಎಳೆದಿದ್ದ. ಭಾನುವಾರ ಮಧ್ಯಾಹ್ನ ಇಬ್ಬರೂ ನಮ್ಮ ನಮ್ಮ ಮನೆಯಲ್ಲೇ ಕುಳಿತು ಒಂದೇ ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದೆವು. ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡು ಅವನದು ಒಳ್ಳೆಯದು. ಆಟದಲ್ಲಿ ಮಳೆ ಬಿದ್ದರೆ ಲಾರಿಯ ಗಾಜಿನ ಮೇಲೆ ಹನಿ ಜಾರುವುದೂ ಅವನಿಗೆ ಕಾಣುತ್ತಿತ್ತು. ನನ್ನ ಪರದೆಯಲ್ಲಿ ಮಳೆ ಬಂದರೆ ಲಾರಿಯೇ ನಿಂತು ನಿಂತು ಹೋಗುತ್ತಿತ್ತು. ಅವನು ಮುಂದಿನ ತಿರುವಿನಲ್ಲಿ ಲಾರಿ ನಿಲ್ಲಿಸಿಕೊಂಡು ನನಗಾಗಿ ಕಾಯುತ್ತಿದ್ದ.

ಹೀಗಾಗಿ ಹೊಸ ಕಾರ್ಡಿನ ಹುಡುಕಾಟ. ಅದನ್ನು ಆರಿಸುವುದು ಸುಲಭವೆನ್ನುವವರು ಆ ಪೇಟೆಗೆ ಕಾಲಿಟ್ಟವರಲ್ಲ. ಮೆಮೊರಿ ಹೆಚ್ಚಿರುವುದು ಉದ್ದವಾಗಿರುತ್ತದೆ, ಕಂಪ್ಯೂಟರಿನ ಕ್ಯಾಬಿನೆಟ್ಟಿನಲ್ಲಿ ಹಿಡಿಸದು. ಹಿಡಿಸುವುದಕ್ಕೆ ನನ್ನ ಪವರ್ ಸಪ್ಲೈ ಸಾಲದು. ಸಾಲುವುದು ಮುಂದಿನ ವರ್ಷದ ಆಟಗಳಿಗೆ ಆಗದೆಂದು ಯೂಟ್ಯೂಬಿನ ಪಂಡಿತರು ಮೊದಲೇ ಶಾಪ ಕೊಟ್ಟಿರುತ್ತಾರೆ. ಹೆಣ್ಣು ನೋಡಲು ಬಂದು ಪ್ರತಿ ಮನೆಯಲ್ಲೂ ಒಂದು ಕೊರತೆ ಹುಡುಕಿ ಏಳುವ ಬೀಗರಂತೆ ನಾನು ವರ್ಷವಿಡೀ ಅಲೆದೆ. ಅಂಗಡಿಯವನು ಮೊದಮೊದಲು ಚಹಾ ತರಿಸುತ್ತಿದ್ದ, ಆಮೇಲೆ ಬಿಟ್ಟ.

ಅಷ್ಟರಲ್ಲಿ ಕಾರ್ಖಾನೆಗೆ ನೀರು ಸಾಲದೆ ಮೂರು ಪಾಳಿ ಒಂದಕ್ಕೆ ಇಳಿಯಿತು. ಔರಾದ್ ಕಡೆಯ ಜನ ಗಂಟುಮೂಟೆಯೊಂದಿಗೆ ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಶಿವರಾಜ ಹೆಂಡತಿ, ಮಗಳೊಡನೆ ಪುಣೆಗೆ ಹೊರಟ. ಆ ವರ್ಷಗಳಲ್ಲಿ ಹೋಗುವವರು ತಮ್ಮ ಸಾಮಾನನ್ನು ಉಳಿಯುವವರ ಮನೆಯಲ್ಲಿ ಅಮಾನತ್ತು ಇಟ್ಟು ಹೋಗುತ್ತಿದ್ದರು. ಇಟ್ಟದ್ದನ್ನು ಬಳಸಬಾರದು, ಕಾಯಬೇಕು, ಬಂದು ಕೇಳಿದ ದಿನ ಕೊಡಬೇಕು. ನಮ್ಮ ಓಣಿಯಲ್ಲಿ ಇದಕ್ಕೆ ಕಾಗದಪತ್ರವಿಲ್ಲ. ಹೊಲಿಗೆಯಂತ್ರ, ಮೋಟಾರಿನಂಥ, ನಿಂತರೆ ಕೆಡುವ ವಸ್ತುಗಳಿಗೆ ಮಾತ್ರ ನಿಯಮ ಕೊಂಚ ಸಡಿಲ. ಶಿವರಾಜ ತನ್ನ ಕಂಪ್ಯೂಟರನ್ನು ಆ ಸಾಲಿಗೆ ಸೇರಿಸಿದ.

"ಇದು ಅಮಾನತ್ ಅದ ಅಣ್ಣಾ. ಸುಮ್ನ ಮಾತ್ರ ಇಡಬ್ಯಾಡ್ರಿ, ವಾರಕ್ಕೊಮ್ಮಿ ಚಾಲೂ ಮಾಡ್ರಿ," ಎಂದ.

ಚಾಲೂ ಮಾಡುವುದಕ್ಕೂ ಬಿಚ್ಚುವುದಕ್ಕೂ ನಡುವೆ ಇದ್ದದ್ದು ಎರಡೇ ಸ್ಕ್ರೂ. ಒಂದು ಭಾನುವಾರ ಅವನ ಕಾರ್ಡನ್ನು ತೆಗೆದು ನನ್ನ ಕ್ಯಾಬಿನೆಟ್ಟಿಗೆ ಕೂರಿಸಿದೆ. ಹೇಳಿ ಮಾಡಿಸಿದಂತೆ ಕೂತಿತು. ಮಳೆ ಸುರಿಯಿತು, ಗಾಜಿನ ಮೇಲೆ ಹನಿ ಜಾರಿತು, ಲಾರಿ ಎಲ್ಲಿಯೂ ತಡೆಯಲಿಲ್ಲ. ಮುಂದಿನ ತಿರುವಿಗೆ ಬಂದೆ; ಅಲ್ಲಿ ಕಾಯುವವರು ಯಾರೂ ಇರಲಿಲ್ಲ. ಬರವೆಂದರೆ ನೀರಿನ ಕೊರತೆಯಷ್ಟೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಓಣಿ ಬರಿದಾಗುವುದೂ ಬರವೇ, ಮತ್ತು ಆ ಬರದಲ್ಲಿ ನಾನು ಲಾಭ ಕಂಡಿದ್ದೆ. ನನಗೆ ನಾಚಿಕೆಯಾಯಿತು. ಅಂದೇ ಕಾರ್ಡನ್ನು ಒರೆಸಿ ಅದರ ಜಾಗಕ್ಕೆ ಮರಳಿಸಿದೆ. ಇದನ್ನು ಹೆಂಡತಿಗೂ ಹೇಳಿಲ್ಲ, ನಿಮಗೇ ಮೊದಲು ಹೇಳುತ್ತಿದ್ದೇನೆ.

ಯುಗಾದಿ ಕಳೆದ ಮೇಲೆ ಪುಣೆಯಿಂದ ಫೋನು ಬಂತು. ಕೆಲಸ ಕಾಯಂ ಆಗುವ ಹಾಗಿದೆ, ನಮ್ಮ ಓಣಿಯ ಬಾಡಿಗೆ ಮನೆ ಬಿಡುತ್ತೇನೆ ಎಂದೆಲ್ಲ ಹೇಳಿದ ಶಿವರಾಜ.

"ಮಗಳಿಗಿ ಇಲ್ಲೇ ಸಾಲಿಗಿ ಹಚ್ಚೀನಿ ಅಣ್ಣಾ. ಆ ಮಷೀನು ನೀವೇ ಇಟ್ಕೋರಿ, ಕಾರ್ಡು ನಿಮ್ದಕ್ಕ ಹಾಕ್ಕೋರಿ. ಹೊಸದು ಯಾಕ ತರ್ತೀರಿ."

ವರ್ಷದಿಂದ ಬಯಸಿದ್ದು ತಾನಾಗಿ ಕೈಗೆ ಬಂದಿತ್ತು, ಈ ಸಲ ನ್ಯಾಯವಾಗಿಯೇ. ಆದರೆ ಅಮಾನತ್ತು ಬಿಟ್ಟುಕೊಡುವವನು ಊರನ್ನೇ ಬಿಟ್ಟುಕೊಡುತ್ತಿದ್ದ. ನಾನು ಹೂಂ ಎಂದರೆ, ಬಂದು ಕೇಳಲು ಅವನಿಗೆ ಈ ಓಣಿಯಲ್ಲಿ ಏನೂ ಉಳಿಯುವುದಿಲ್ಲ. ಬಾಯಿಗೆ ಬಂದ ಸುಳ್ಳನ್ನು ಹೇಳಿಬಿಟ್ಟೆ.

"ನಾ ಹೊಸದು ತಂದೀನಿ ತಮ್ಮಾ. ನಿಂದು ನಿನ್ನ ಮಷೀನ್ದಾಗೇ ಅದ."

"ಹಂಗಾದ್ರ ಇರ್ಲಿ ಅಣ್ಣಾ. ನಾ ಬಂದು ಒಯ್ತೇನಿ," ಎಂದ.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮುಂಚೆಯೇ ಅಲ್ಲಿ ನಿಂತಿದ್ದೆ. ಮೆಮೊರಿ ಎಷ್ಟು, ಮುಂದಿನ ವರ್ಷಕ್ಕೆ ಆದೀತೇ, ಒಂದನ್ನೂ ಕೇಳದೆ, ನನ್ನ ಕ್ಯಾಬಿನೆಟ್ಟಿನಲ್ಲಿ ಹಿಡಿಸುವ ಸಾಧಾರಣ ಕಾರ್ಡೊಂದನ್ನು ಐದು ನಿಮಿಷದಲ್ಲಿ ಆರಿಸಿದೆ. ವರ್ಷವೆಲ್ಲ ಸತಾಯಿಸಿದವನಿಗೆ ಈಗ ಇದೇನು ಅವಸರ ಎಂದು ಅಂಗಡಿಯವನು ಕೇಳಿದ. ಊರಿಗೆ ಬರುವವರೊಬ್ಬರಿದ್ದಾರೆ ಎಂದೆ.