ಕಾಕೂ ಸಾಕಿದ ಅಪಶಕುನ

ಹೋದ ವಾರ ಗೋಕಾಕದ ನಮ್ಮ ಮಾಳಿಗೆ ಮೇಲೆ ಬದನೆಯ ಕುಂಡದ ಮಣ್ಣು ಸಡಿಲಿಸುತ್ತಿದ್ದೆ. ಹಸಿ ಮಣ್ಣಿನ ವಾಸನೆಯ ಜೊತೆಗೆ ಹೆಬ್ಬೆರಳು ಗಾತ್ರದ, ಎಣ್ಣೆ ಸವರಿದಂತೆ ಹೊಳೆಯುವ, ಹುಳ ಮಲಗಿದ ಕಂದು ಕೋಶವೊಂದು ಕೈಗೆ ಬಂತು. ಮುಟ್ಟಿದರೆ ಬಾಲ ಅಲ್ಲಾಡಿಸಿತು. ಬೇರೆಯವರಾಗಿದ್ದರೆ ಚೀರಿ ಬಿಸಾಕುತ್ತಿದ್ದರು. ನಾನು ಮತ್ತೆ ಮಣ್ಣು ಮುಚ್ಚಿ ಕೈ ತೊಳೆದುಕೊಂಡೆ. ಈ ಧೈರ್ಯ ನನ್ನದಲ್ಲ, ಹುಕ್ಕೇರಿಯಲ್ಲಿ ಬಾಜೂ ಮನೆಯಲ್ಲಿದ್ದ, ಚಿಕ್ಕಮ್ಮನಂತಿದ್ದ ಕಾಕೂನದು.

ಮದುವೆಯಾಗಿ ಮೂಡಲಗಿಯಿಂದ ಹುಕ್ಕೇರಿಗೆ ಹೋದಾಗ ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸೊಸೆ. ಕಾಕೂ ಕೇಳದಿದ್ದರೂ ಉತ್ತರ ಕೊಡುವವರು. ಅವರ ಹಿತ್ತಲಲ್ಲಿ ಒಂದಿಷ್ಟು ಬದನೆ ಗಿಡಗಳಿದ್ದವು. ಆ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ಗಿಡ ಬರೀ ಕಡ್ಡಿಯಾಗಿ ನಿಂತಿತ್ತು. ನೋಡಿದರೆ ಬೆರಳುದ್ದದ ಹಸಿರು ಹುಳ! ಮೈಗೆ ಓರೆ ಪಟ್ಟೆ, ಬಾಲದ ತುದಿಗೆ ಪುಟ್ಟ ಕೊಂಬು. ನಾನು ಕೋಲು ತಂದೆ, ಕಾಕೂ ತಡೆದರು.

"ತಿನ್ಲಿ ಬಿಡವಾ. ಹಿಂಗ ತಿಂದು ಏನಾಗ್ತೈತಿ ನೋಡೂಣು."

ಹಳೆಯ ಬಕೆಟ್ಟಿಗೆ ಮಣ್ಣು ತುಂಬಿ, ಹುಳ ಬಿಟ್ಟು, ಎಲೆ ಹಾಕಿ, ಮೇಲೆ ಹಿಟ್ಟಿನ ಜರಡಿ ಮುಚ್ಚಿದರು. ಗಬಗಬ ತಿನ್ನುತ್ತಿದ್ದ ಹುಳ ಒಂದು ದಿನ ಊಟ ಬಿಟ್ಟು, ಬಣ್ಣ ಮಾಸಿ, ಮಣ್ಣೊಳಗೆ ಇಳಿಯಿತು. ಸತ್ತೇ ಹೋಯಿತೆಂದು ನಾನು ತಿಳಿದೆ. ಸೀಗಿ ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಜರಡಿಯ ಕೆಳಗೆ ಅಂಗೈಯಗಲದ ಪತಂಗ ಕೂತಿತ್ತು. ಮೇಲಿನ ರೆಕ್ಕೆ ಕಪ್ಪುಗಂದು, ಒಳಗಿನದು ಅರಿಸಿನ ಹಳದಿ, ಬೆನ್ನ ಮೇಲೆ ಬರೆದಿಟ್ಟಂತೆ ಮನುಷ್ಯನ ತಲೆಬುರುಡೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಾಕೂ ಬಗ್ಗಿ ನೋಡಿ, "ಅಗದೀ ನಮ್ಮತ್ತಿ ಮಾರೀನ ಐತಿ ನೋಡ" ಎಂದು ನಕ್ಕರು. ಮುಟ್ಟಿದರೆ ಅದು ಇಲಿಮರಿಯಂತೆ ಚೀಂವ್ ಎಂದಿತು. ರೆಕ್ಕೆ ಒಣಗಲೆಂದು ಅದನ್ನು ಒಳಗಿನ ಪರದೆಗೆ ಹತ್ತಿಸಿ ಬಿಟ್ಟರು...

ಅದೇ ಸಂಜೆ ಅವರ ಮಗಳನ್ನು ನೋಡಲು ಸಂಕೇಶ್ವರದಿಂದ ಗಂಡಿನ ಕಡೆಯವರು ಬಂದರು. ಹಿಂದೆ ಬಂದ ಸಂಬಂಧಗಳು ಮುರಿದಿದ್ದವು. ಇದಾದರೂ ಗಟ್ಟಿಯಾಗಲೆಂದು ಕಾಕೂ ಹರಕೆ ಹೊತ್ತಿದ್ದರು. ಹುಡುಗಿ ಅವರಿಗೆ ಒಪ್ಪಿಗೆಯಾದಳು. ಹುಡುಗನ ಸೋದರತ್ತೆ ಉಡಿ ತುಂಬಲು ಎದ್ದರು, ಯಾರೋ ದೀಪ ಹಾಕಿದರು. ಪತಂಗ ಪರದೆ ಬಿಟ್ಟು ಹಾರಿ ಬಂದು ಸೋದರತ್ತೆಯ ಸೆರಗಿನ ಮೇಲೆ ಕೂತು ಚೀಂವ್ ಎಂದಿತು.

"ಹೆಣದ ಬುರುಡಿ! ಮದಲ ಇದನ್ನ ಕೊಲ್ರಿ, ಆಮ್ಯಾಲ ಮಾತು" ಎಂದು ಆಕೆ ಕಿರುಚಿದ್ದು ಓಣಿಗೆಲ್ಲ ಕೇಳಿಸಿರಬೇಕು. ಹುಡುಗನ ಮಾವ ಚಪ್ಪಲಿ ಎತ್ತಿದರು. ಅಷ್ಟರಲ್ಲಿ ಕಾಕೂ ಪತಂಗವನ್ನು ಬೊಗಸೆಯಲ್ಲಿ ಹಿಡಿದಾಗಿತ್ತು. ಕೊಟ್ಟುಬಿಡಲಿ ದೇವರೇ, ಮದುವೆ ಆಗಲಿ ಎಂದು ನಾನು ಮೂಲೆಯಲ್ಲಿ ನಿಂತು ಬೇಡುತ್ತಿದ್ದೆ. ಕಾಕೂ ಮಗಳ ಮುಖ ನೋಡಿದರು. ಆ ಹುಡುಗಿ ಹೋಗಿ ಹಿತ್ತಲ ಬಾಗಿಲು ತೆರೆದಳು. ಕಾಕೂ ಬೊಗಸೆ ಬಿಚ್ಚಿದರು.

"ಒಂದು ಹುಳ ಬಂದಿದ್ದಕ್ಕ ಅಪಶಕುನ ಅಂತೀರಿ. ನಾಳೆ ನಿಮ್ಮ ಮನ್ಯಾಗ ಎಮ್ಮಿ ಸತ್ರ ನನ್ನ ಮಗಳ ಕಾಲ್ಗುಣ ಅಂತೀರಿ. ನಂಗ ಈ ಸಂಬಂಧ ಬ್ಯಾಡ್ರಿ. ಚಾ ಕುಡದು ಹೋಗಿ ಬರ್ರಿ."

ಅವರು ಚಹಾ ಮುಟ್ಟದೆ ಎದ್ದು ಹೋದರು. ತಣ್ಣಗಾದ ಚಹಾವನ್ನು ನಾವು ಮೂವರೂ ಕುಡಿದೆವು.

ಓಣಿ ಜನ ವರ್ಷಗಟ್ಟಲೆ ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕಲಾದೀತೇ? ಕಾಕೂ ಕೊಟ್ಟ ಬದನೆಕಾಯಿಯನ್ನು ಕೆಲವರು ಒಳಗೆ ಒಯ್ಯಲಿಲ್ಲ. ಮುಂದೆ ಮಗಳಿಗೆ ಹತ್ತರಗಿಯ ಹುಡುಗ ಗೊತ್ತಾದಾಗ ಕಾಕೂ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ, "ಹುಳ ಹುಪ್ಪಡಿಗೆ ಹೆದರ್ತೀರೇನ್ರಿ?" ಕಾಕೂ ಹುಳಗಳನ್ನು ಸಾಕುವುದನ್ನೂ ಬಿಡಲಿಲ್ಲ. ನೋಡುತ್ತ ನೋಡುತ್ತ ನಮಗೂ ತಿಳಿಯಿತು: ಮಳೆ ಹಿಂದಾದ ಮೇಲೆ ಪತಂಗದ ಹಾರಾಟ, ಬೇಸಿಗೆಯೆಲ್ಲ ಕೋಶದೊಳಗೆ, ನೆಲದಡಿ ನಿದ್ದೆ.

ಈ ಬೇಸಿಗೆಯಲ್ಲಿ ಕಾಕೂ ಹೋದರು. ಬಹಳ ದಿನ ಹಾಸಿಗೆ ಹಿಡಿದಿದ್ದರು. ಅವರನ್ನು ಮಣ್ಣು ಮಾಡುವಾಗ ಹುಕ್ಕೇರಿಗೆ ಹೋಗಿದ್ದೆ; ಓಣಿಯ ಹಿರಿಯರೊಬ್ಬರು ನನ್ನ ಪಕ್ಕಕ್ಕೆ ಬಂದು, "ಬುರುಡಿ ಹುಳ ಸಾಕಿದ ಮನಿ ನೋಡವಾ, ಕಡೀಕ ಅದು ಒಯ್ದೇಬಿಡ್ತು" ಎಂದರು. ನನಗೆ ಮೈಯೆಲ್ಲ ಉರಿಯಿತು.

"ಬ್ಯಾಸಗ್ಯಾಗ ಅದು ನೆಲದಾಗ ಮಲಗಿರ್ತೈತ್ರಿ, ಯಾರನ್ನ ಒಯ್ತೈತಿ? ಕಾಕೂ ಹಾಸಿಗಿ ಹಿಡದಾಗ ನೀವಂತೂ ಎಚ್ಚರ ಇದ್ರಿ. ಒಮ್ಮೆರ ಬಂದು ನೋಡಿದ್ರೇನು?"

ಜೋರಾಗಿಯೇ ಹೇಳಿದೆ. ಎಲ್ಲರೂ ತಿರುಗಿ ನೋಡಿದರು, ನೋಡಲಿ. ಹಿರಿಯರೆದುರು ನಾನು ದನಿ ಎತ್ತಿದ್ದು ಅದೇ ಮೊದಲು, ಅದರ ಬಗ್ಗೆ ಇವತ್ತಿಗೂ ನನಗೆ ಬೇಸರವಿಲ್ಲ. ಬೇಸರ ಬೇರೆಯೇ ಇದೆ. ಆ ಜಗಳದ ಸುದ್ದಿಯನ್ನು ಓಡಿಹೋಗಿ ಹೇಳಬೇಕೆನಿಸಿದ್ದು ಒಬ್ಬರಿಗೇ... ಕೇಳಿ ನಗಲು ಕಾಕೂ ಇಲ್ಲ.