ಚಂದ್ರೋದಯಕ್ಕೆ ಮೊದಲಿನ ಅನ್ನ

ಆ ಶನಿವಾರ ಸಂಕಷ್ಟಿ ಎಂಬುದು ನನಗೆ ಗೊತ್ತಾದದ್ದು ದೇವಸ್ಥಾನದ ಒಳಗೆ ಹೋದ ಮೇಲೆ. ಕಚೇರಿ ಕೆಲಸದ ಮೇಲೆ ಮೈಸೂರಿನಿಂದ ಅಮೆರಿಕದ ಸಿಯಾಟಲ್ ಪಕ್ಕದ ಓವರ್‌ಲೇಕ್‌ಗೆ ಬಂದವಳು, ವಾಪಸು ಹೊರಡುವ ಮುಂಚೆ ಒಂದು ದಿನವನ್ನಾದರೂ ನನಗೆಂದು ಇಟ್ಟುಕೊಂಡಿದ್ದೆ. ಬೆಳಿಗ್ಗೆ ಗಣಪತಿಯ ದರ್ಶನ, ಮಧ್ಯಾಹ್ನ ಸಿಯಾಟಲ್‌ನ ಜಪಾನಿ ತೋಟ, ಅಲ್ಲಿಂದ ಊರೊಳಗಿನ ಒಂದು ಬೌದ್ಧ ಮಂದಿರ, ಸಂಜೆ ಒಳ್ಳೆಯ ಜಪಾನಿ ಊಟ. ಎಲ್ಲವನ್ನೂ ಒಬ್ಬಳೇ ನೋಡುವ ಆಸೆ. ಊಟಕ್ಕೆ ಒಂದೇ ಕುರ್ಚಿ ಬೇಕೆಂದು ಹಿಂದಿನ ದಿನವೇ ಫೋನ್ ಮಾಡಿ ಹೇಳಿದ್ದೆ.

ಅಭಿಷೇಕ ಮುಗಿದು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನಾನು ಮಾತು ಮುಗಿಸುವುದನ್ನೇ ಕಾಯುತ್ತಿದ್ದರು. ಐವತ್ತರ ಆಸುಪಾಸು, ಹಸಿರು ಕಾಟನ್ ಸೀರೆ, ಅದರ ಮೇಲೆ ಗಂಡಸರ ಜಾಕೆಟ್ಟು.

"ಮೈಸೂರು ಕಡೆಯವರಾ? ಒಬ್ರೇ ಬಂದದ್ದಾ?"

"ಹೌದು. ಬಸ್ಸಲ್ಲಿ ಬಂದೆ, ಆಮೇಲೆ ಸ್ವಲ್ಪ ನಡೆದೆ."

"ನಡೆದದ್ದಾ! ಇಲ್ಲಿ ನಡೀಲಿಕ್ಕೆ ಕೈಯಲ್ಲಿ ಒಂದು ನಾಯಿ ಇರ್ಬೇಕು ಮಾರಾಯ್ತಿ. ಸುಮ್ಮನೆ ನಡೆದ್ರೆ ಜನ ಹೆದರ್ತಾರೆ."

ಅವರು ಉಡುಪಿಯವರು, ಮನೆ ಹತ್ತಿರದ ಟೋಟೆಮ್ ಲೇಕ್‌ನಲ್ಲಿ. ಗಂಡನಿಗೆ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಆ ದಿನ ಶಿಫ್ಟು ಇತ್ತು. ನಾನು ಎಲ್ಲೆಲ್ಲಿ ಹೋಗುತ್ತೇನೆಂದು ಕೇಳಿ, ತಾನೇ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದರು. ಉಪವಾಸದ ದಿನ ಮನೆಯಲ್ಲಿ ಅಡುಗೆಮನೆ ಎದುರಿಗೇ ಇರುತ್ತದೆ, ಹೊತ್ತು ಹೋಗುವುದಿಲ್ಲ ಎಂದರು. ಆಗಸ್ಟ್ ತಿಂಗಳು. ಆ ಊರಿನಲ್ಲಿ ಕತ್ತಲಾಗುವುದೇ ತಡವಾಗಿ, ಚಂದ್ರ ಬರುವುದು ಇನ್ನೂ ತಡವಾಗಿ. ರಾತ್ರಿ ಹತ್ತು ದಾಟುತ್ತದೆ ಎಂದು ಅರ್ಚಕರು ಹೇಳಿದ್ದನ್ನು ನಾನೂ ಕೇಳಿದ್ದೆ.

ಒಬ್ಬಳೇ ತಿರುಗುವ ಆಸೆ ಬಿಟ್ಟು ಅವರ ಕಾರು ಹತ್ತಿದೆ.

ಸರೋವರದ ಮೇಲಿನ ತೇಲುವ ಸೇತುವೆ ಬರುವಷ್ಟರಲ್ಲಿ ಅವರು ತಂಗಿಯ ವಿಷಯ ಹೇಳಿ ಮುಗಿಸಿದ್ದರು. ತಂಗಿ ಉಡುಪಿಯಲ್ಲಿದ್ದಾಳೆ. ಎರಡು ಸಲ ಗರ್ಭ ಇಳಿದು ಹೋಗಿದೆ. ಈಗ ಮೂರನೆಯದು, ಏಳು ತಿಂಗಳು ತುಂಬಿದೆ. ಬಸುರಿ ಉಪವಾಸ ಮಾಡುವಂತಿಲ್ಲ, ಅದಕ್ಕೆ ಅವಳ ಬದಲು ಇವರು ಸಂಕಷ್ಟಿ ಹಿಡಿದಿದ್ದಾರೆ. ಹೆರಿಗೆ ಆಗುವವರೆಗೆ ಒಂದನ್ನೂ ತಪ್ಪಿಸುವಂತಿಲ್ಲ.

"ಚಂದ್ರನ್ನ ನೋಡುವವರೆಗೆ ನೀರು ಮಾತ್ರ. ಬೆಳಿಗ್ಗೆ ಶುಗರಿನ ಮಾತ್ರೆ ನುಂಗಿದೆ, ಅಷ್ಟೆ."

"ಏನೂ ತಿನ್ನದೇನೇ ಮಾತ್ರೆ ತಗೊಂಡ್ರಾ?"

"ಮಾತ್ರೆ ಎಂಥ ಊಟವಾ? ಅದ್ರಿಂದ ವ್ರತ ಕೆಡೂದಿಲ್ಲ."

ನನ್ನ ತಂದೆಗೂ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ತಡವಾದರೆ ಏನಾಗುತ್ತದೆಂದು ಮನೆಯಲ್ಲಿ ಕಂಡವಳು ನಾನು. ಅದನ್ನು ಹೇಳಿದೆ. ಕಳೆದ ತಿಂಗಳೂ ಹೀಗೇ ಮಾಡಿದ್ದೆ, ಏನೂ ಆಗಲಿಲ್ಲ ಎಂದರು. ಆಮೇಲೆ, ಇದು ಮಾತ್ರ ಹೊಸ ಮಾತ್ರೆ, ಡಾಕ್ಟರು ಹೋದ ವಾರ ಬದಲಾಯಿಸಿದ್ದು ಎಂದರು. ಅಲ್ಲಿಂದ ಮುಂದೆ ನಾನು ಸರೋವರ ನೋಡಲಿಲ್ಲ. ಸ್ಟಿಯರಿಂಗ್ ಮೇಲಿದ್ದ ಅವರ ಕೈಗಳನ್ನು ನೋಡುತ್ತಿದ್ದೆ. ಕೈ ಸ್ಥಿರವಾಗಿತ್ತು.

ತೋಟದಲ್ಲಿ ಮೊದಲ ಸುತ್ತು ಅವರೇ ಮುಂದೆ ನಡೆದರು. ಕೊಳದ ಸುತ್ತ ಕಿರಿದಾದ ದಾರಿ, ಕಲ್ಲಿನ ದೀಪಗಳು, ನೀರಿನ ಮೇಲೆ ಬಾಗಿದ ಪೈನ್ ಮರಗಳು. ಕೊಂಬೆಗಳು ಬೇಕಾದ ಕಡೆಗೇ ಬಾಗಲೆಂದು ಅವಕ್ಕೆ ಹಗ್ಗ ಕಟ್ಟಿದ್ದರು. ಕೆಂಪು, ಬಿಳಿ ಮೀನುಗಳು ಬಾಯಿ ತೆರೆದು ದಡಕ್ಕೆ ಬಂದವು. "ಪಾಪ, ಇವಕ್ಕೆ ಸಂಕಷ್ಟಿ ಇಲ್ಲ" ಎಂದು ಅವರು ನಕ್ಕರು.

ಎರಡನೆಯ ಸುತ್ತಿನಲ್ಲಿ ಬೆಂಚಿನ ಮೇಲೆ ಕುಳಿತುಬಿಟ್ಟರು. ಮರದ ನೆರಳು ತಣ್ಣಗಿತ್ತು. ನಾನು ಸ್ವೆಟರ್ ಹಾಕಿಕೊಂಡಿದ್ದೆ. ಅವರ ಮೇಲ್ದುಟಿಯ ಮೇಲೆ ಬೆವರಿನ ಹನಿಗಳಿದ್ದವು. ಒಂದರ ಹಿಂದೆ ಒಂದು ಆಕಳಿಕೆ ಬಂತು.

"ಅಕ್ಕಾ, ಒಂದು ಜ್ಯೂಸ್ ಕುಡೀರಿ. ಹಣ್ಣಿನ ರಸ ಆದ್ರೆ ಉಪವಾಸಕ್ಕೆ ನಡೆಯುತ್ತೆ."

"ನಿಮ್ಮಲ್ಲಿ ನಡೀಬಹುದು. ನಾನು ನೀರು ಅಂತ ಹೇಳಿಕೊಂಡದ್ದು."

"ದೇವರು ಕೋಪ ಮಾಡ್ಕೊಳಲ್ಲ."

"ದೇವರ ವಿಷಯ ಅಲ್ಲ ಇದು" ಎಂದು ಅವರು ಮೆಲ್ಲಗೆ ಹೇಳಿದರು. "ನಾನು ಕುಡಿದು, ನಾಳೆ ಅವಳಿಗೆ ಏನಾದ್ರೂ ಆದ್ರೆ? ಆಮೇಲೆ ನಾನು ಹೇಗೆ ಬದುಕೂದು?"

ಮನೆಗೆ ಹೋಗೋಣ ಎಂದೆ. ನಿಮ್ಮ ಮಂದಿರ, ಊಟ ಎರಡೂ ಬಾಕಿ ಇದೆ, ನನ್ನಿಂದ ಕೆಡುವುದು ಬೇಡ ಎಂದು ಎದ್ದು ನಿಂತರು. ಎದ್ದಾಗ ಚೆನ್ನಾಗಿಯೇ ಕಂಡರು.

ಬೌದ್ಧ ಮಂದಿರ ಒಂದು ಶಾಂತವಾದ ಬೀದಿಯಲ್ಲಿತ್ತು. ಒಳಗೆ ಸಾಲು ಬೆಂಚುಗಳು, ಮುಂದೆ ಚಿನ್ನದ ಬಣ್ಣದ ಬುದ್ಧ, ಊದುಬತ್ತಿಯ ವಾಸನೆ. ನಾನು ಕೈಮುಗಿದು ತಿರುಗಿದಾಗ ಅವರು ಕೊನೆಯ ಬೆಂಚಿನಲ್ಲಿ, ಜಾಕೆಟ್ಟಿನ ಗುಂಡಿಯೊಂದನ್ನು ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ಕುಳಿತಿದ್ದರು. ಕರೆದಾಗ ತಕ್ಷಣ ಎದ್ದು ಬಂದರು. ಇಲ್ಲಿಂದ ಟ್ಯಾಕ್ಸಿಯಲ್ಲಿ ಹೋಗೋಣ ಎಂದೆ. ಅವರು ಕಾರಿನ ಕೀ ಹಿಡಿದು ಹೊರಟರು. ನಾನು ಪಕ್ಕದಲ್ಲಿ ಕುಳಿತೆ. ಅವರೊಬ್ಬರನ್ನೇ ಬಿಟ್ಟು ಕಳಿಸುವುದಕ್ಕೆ ಧೈರ್ಯವಿರಲಿಲ್ಲ.

ಹೋಟೆಲು ಹತ್ತಿರದಲ್ಲೇ ಇತ್ತು. ಮಧ್ಯೆ ಒಂದು ದೊಡ್ಡ ಸಿಗ್ನಲ್. ದೀಪ ಹಸಿರಾಯಿತು. ಅವರು ಹೊರಡಲಿಲ್ಲ.

"ಅಕ್ಕಾ, ಹಸಿರು ಬಂತು."

"ಗೊತ್ತುಂಟು."

ಹಿಂದೆ ಕಾರುಗಳು ನಿಂತವು. ಆ ಊರಿನಲ್ಲಿ ಬೇಗ ಯಾರೂ ಹಾರ್ನ್ ಹೊಡೆಯುವುದಿಲ್ಲ.

"ಅಕ್ಕಾ, ಹೋಗಿ."

"ನಿಮ್ಮ ಗಂಡ ಬರ್ಲಿ. ಒಟ್ಟಿಗೆ ಹೋಗುವ."

ನನಗೆ ಮದುವೆಯಾಗಿಲ್ಲ. ಬೆಳಿಗ್ಗೆ ಅವರಿಗೆ ಅದನ್ನು ಹೇಳಿದ್ದೆ. ಅದರ ಮೇಲೆ ಅವರು ತಮಾಷೆಯನ್ನೂ ಮಾಡಿದ್ದರು. ನಾನು ಅವರ ಮುಖಕ್ಕೆ ತಿರುಗಿದೆ. ದೀಪ ಕೆಂಪಾಯಿತು. ಕಾರು ಮುಂದೆ ಹೋಯಿತು.

ಎಡಗಡೆಯಿಂದ ಬರುತ್ತಿದ್ದ ಬಸ್ಸು ಬ್ರೇಕ್ ಹಾಕಿತು. ಬಸ್ಸಿನ ಮುಂಭಾಗ ಅವರ ಕಿಟಕಿಯ ತುಂಬ ಬಂತು. ನಾವು ಅದನ್ನು ದಾಟಿದೆವು. ಅವರಿಗೆ ಏನೂ ತಿಳಿದಂತೆ ಕಾಣಲಿಲ್ಲ. ನಾನು ಚಿಕ್ಕ ಮಗುವಿಗೆ ಹೇಳುವ ದನಿಯಲ್ಲಿ, "ಬಲಕ್ಕೆ ತಗೊಳ್ಳಿ. ಮೆಲ್ಲಗೆ. ಈಗ ನಿಲ್ಲಿಸಿ" ಎಂದೆ. ಅವರು ಹಾಗೆಯೇ ಮಾಡಿದರು. ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿ ನಿಂತಿತು. ಕೈ ಚಾಚಿ ಗೇರನ್ನು ಪಾರ್ಕಿಗೆ ತಳ್ಳಿ, ಕೀ ತಿರುಗಿಸಿ ಕಿತ್ತುಕೊಂಡೆ.

ನಾನು ಕುರ್ಚಿ ಗೊತ್ತುಮಾಡಿದ್ದ ಹೋಟೆಲು ಎರಡು ಬಾಗಿಲುಗಳ ಆಚೆ ಇತ್ತು. ಅವರ ತೋಳಿನಡಿ ಕೈ ಕೊಟ್ಟು ಒಳಗೆ ಕರೆದೊಯ್ದೆ. ಬಾಗಿಲು ತೆರೆದೊಡನೆ ಅಡುಗೆಯವರು ಜಪಾನಿ ರೂಢಿಯಂತೆ ಗಟ್ಟಿಯಾಗಿ ಕೂಗಿ ಸ್ವಾಗತಿಸಿದರು. ಆ ಕೂಗಿಗೆ ಇವರು ಬೆಚ್ಚಿ ನನ್ನನ್ನು ತಳ್ಳಿದರು. ಬಡಿಸುವ ಹೆಂಗಸು ನಮ್ಮನ್ನು ನೋಡಿದವಳೇ ಮೂಲೆಯ ಮೇಜಿಗೆ ಕೂರಿಸಿದಳು. ಸಕ್ಕರೆ ಕಾಯಿಲೆ ಎಂದೆ. ಅವಳು ತುರ್ತು ಸಹಾಯಕ್ಕೆ ಫೋನ್ ಮಾಡಿ, ಕಿತ್ತಳೆ ರಸ ತಂದಿಟ್ಟಳು.

ಲೋಟ ಬಾಯಿಯ ಹತ್ತಿರ ಹೋದ ಕೂಡಲೇ ಅವರು ಹಲ್ಲು ಕಚ್ಚಿದರು. ರಸ ಗಲ್ಲದಿಂದ ಸೀರೆಗೆ ಇಳಿಯಿತು. ಬೇರೆ ಏನೂ ಗೊತ್ತಿಲ್ಲದ ಆ ಸ್ಥಿತಿಯಲ್ಲಿಯೂ ತಿನ್ನಬಾರದೆಂಬುದೊಂದು ಅವರಿಗೆ ಗೊತ್ತಿತ್ತು.

ಅವರ ಫೋನು ತೆಗೆದು, ಅವರದೇ ಹೆಬ್ಬೆರಳನ್ನು ಒತ್ತಿಸಿ ಬಿಚ್ಚಿದೆ. ಗಂಡನ ಹೆಸರು ನನಗೆ ಗೊತ್ತಿರಲಿಲ್ಲ. ಕರೆಗಳಲ್ಲಿ ಎಲ್ಲಕ್ಕಿಂತ ಮೇಲೆ 'ಇವರು' ಎಂದಿತ್ತು. ಅದನ್ನು ಒತ್ತಿದೆ. ನಾನು ಯಾರೆಂದು, ಏನಾಗಿದೆಯೆಂದು ಹೇಳಿದೆ. ಹಿಂದೆ ಯಂತ್ರದ ಸದ್ದಿತ್ತು, ಅದು ದೂರವಾಯಿತು. ಗಂಡ ಫೋನ್ ಹಿಡಿದೇ ಹೊರಗೆ ನಡೆಯುತ್ತಿರಬೇಕು.

"ಅವಳ ಹತ್ರ ಕೇಳ್ಬೇಡಿ ಮಾರಾಯ್ರೆ. ಕೇಳಿದ್ರೆ ಬೇಡ ಅಂತ್ಲೇ ಹೇಳ್ತಾಳೆ. ಸಿಹಿ ಎಂಥದಾದ್ರೂ ಕೆನ್ನೆಯ ಒಳಗೆ ಉಜ್ಜಿ. ಕಚ್ಚಬಹುದು, ಜಾಗ್ರತೆ. ನಾನು ಹೊರಟೆ."

ಬಡಿಸುವವಳಿಗೆ ದಪ್ಪನೆಯ ಸಿಹಿ ಬೇಕೆಂದೆ. ಅವಳು ಅಲ್ಲಿ ಊಟದ ಕೊನೆಯ ಸಿಹಿಯ ಮೇಲೆ ಹುಯ್ಯುವ ಕಪ್ಪು ಪಾಕದ ಬಟ್ಟಲು ತಂದಳು. ಮೂಗಿಗೆ ಬಂದದ್ದು ಬೆಲ್ಲದ ವಾಸನೆ. ಬೆರಳು ಅದ್ದಿ, ಅವರ ತುಟಿಯ ಅಂಚಿನಿಂದ ಒಳಗೆ ತೂರಿಸಿ, ಒಸಡಿನ ಮೇಲೆ ಉಜ್ಜಿದೆ. ಅವರು ಕಚ್ಚಿದರು. ನಾನು ಬೆರಳು ತೆಗೆಯಲಿಲ್ಲ. ಮತ್ತೆ ಅದ್ದಿದೆ, ಮತ್ತೆ ಉಜ್ಜಿದೆ. ಕೆಲವು ಸಲ ಹೀಗಾದ ಮೇಲೆ ಅವರ ನಾಲಿಗೆ ತಾನಾಗಿ ಪಾಕವನ್ನು ಹುಡುಕತೊಡಗಿತು. ಗಂಟಲು ಆಡಿತು. ಆಮೇಲೆ ಕಿತ್ತಳೆ ರಸವನ್ನೂ ಗುಟುಕು ಗುಟುಕಾಗಿ ಕುಡಿದರು.

ಆ ಊರಿನಲ್ಲಿ ಇಂಥ ಕರೆಗೆ ಮೊದಲು ಬರುವುದು ಅಗ್ನಿಶಾಮಕ ದಳದವರು. ಅವರು ಬಂದಾಗ ಅಕ್ಕ ಕಣ್ಣು ಬಿಟ್ಟು ಗೋಡೆಯ ಕಡೆ ನೋಡುತ್ತಿದ್ದರು. ಒಬ್ಬಾತ ಬೆರಳು ಚುಚ್ಚಿ ಸಕ್ಕರೆ ನೋಡಿದ. ಏರುತ್ತಿದೆ, ಆದರೂ ಕಡಿಮೆಯೇ ಎಂದ. ಮಾತ್ರೆ ಇನ್ನೂ ಮೈಯಲ್ಲಿ ಕೆಲಸ ಮಾಡುತ್ತಿದೆ, ಈ ಸಿಹಿ ಸ್ವಲ್ಪ ಹೊತ್ತಿಗೆ ಮಾತ್ರ. ಈಗಲೇ ಗಟ್ಟಿ ಆಹಾರ ತಿನ್ನಬೇಕು, ಆಮೇಲೆ ಆಸ್ಪತ್ರೆಗೆ ಬರಬೇಕು ಎಂದ. ಬಡಿಸುವವಳು ಕೇಳದೆಯೇ ಒಂದು ಬಟ್ಟಲು ಬಿಳಿ ಅನ್ನ ತಂದಿಟ್ಟಳು.

ಅವರು ನನ್ನನ್ನು ನೋಡಿದರು. ಈ ಸಲ ಗುರುತು ಹಿಡಿದು ನೋಡಿದರು.

"ಎಂಥ ಕೊಟ್ರಿ ನನಗೆ?"

"ಸಿಹಿ ಪಾಕ. ಆಮೇಲೆ ಜ್ಯೂಸ್."

"ಚಂದ್ರ?"

"ಇಲ್ಲ ಅಕ್ಕಾ. ಇನ್ನೂ ಬಿಸಿಲಿದೆ."

ಅವರು ಸೆರಗಿನಿಂದ ತುಟಿಯನ್ನು ಬಲವಾಗಿ ಒರೆಸಿಕೊಂಡರು. "ನೀವು ಮಾಡಿದ್ದು ತಪ್ಪು ಅಂತ ನಾನು ಹೇಳೂದಿಲ್ಲ. ಆದ್ರೆ ಸ್ವಲ್ಪ ಹೊತ್ತು ನನ್ನ ಹತ್ರ ಮಾತಾಡ್ಬೇಡಿ."

ಅನ್ನದಿಂದ ಹಬೆ ಏಳುತ್ತಿತ್ತು. ದಳದ ಆತ ಮೊಣಕಾಲೂರಿ ಕುಳಿತು, ತಿನ್ನುತ್ತೀರಾ ಅಮ್ಮ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವರು ತಲೆ ಅಲ್ಲಾಡಿಸಿದರು. ಆತ ಇನ್ನೊಮ್ಮೆ ಕೇಳಿದ. ಮತ್ತೆ ಇಲ್ಲ. ಪೂರ್ತಿ ಎಚ್ಚರವಿದ್ದವರ ಬಾಯೊಳಗೆ ಯಾರೂ ಬೆರಳು ಹಾಕುವಂತಿಲ್ಲ. ಆತ ತನ್ನ ಜೊತೆಯವನ ಕಡೆ ನೋಡಿದ. ಅಕ್ಕನ ಹಣೆಯ ಮೇಲೆ ಬೆವರು ಮತ್ತೆ ಮೂಡುತ್ತಿರುವುದನ್ನು ನಾನು ನೋಡಿದೆ.

"ಫೋನ್ ಕೊಡಿ" ಎಂದರು.

ಗಂಡನಿಗೆ ಮಾಡುತ್ತಾರೆ ಎಂದುಕೊಂಡೆ. ಅವರು ಮಾಡಿದ್ದು ಉಡುಪಿಗೆ. ಅಲ್ಲಿ ಭಾನುವಾರದ ಬೆಳಗು. ಬೆರಳು ನಡುಗುತ್ತಿದ್ದುದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದರು. ಬಹಳ ಹೊತ್ತು ರಿಂಗಾಗಿ, ನಿದ್ದೆಗಣ್ಣಿನ ಹೆಣ್ಣುದನಿ ಬಂತು.

"ಎಂತ ಅಕ್ಕ, ಇಷ್ಟು ಬೇಗ?"

"ನೀನು ಹೇಗಿದ್ದಿ? ಒಳಗೆ ಒದೀತಾ ಉಂಟಾ?"

"ರಾತ್ರಿ ಇಡೀ ಒದ್ದು ನಿದ್ದೆ ಕೊಡ್ಲಿಲ್ಲ. ಯಾಕೆ? ನಿನ್ನ ದನಿ ಯಾಕೆ ಹಾಗುಂಟು?"

ಅವರು ಹೇಳಿದರು. ಬಸ್ಸಿನ ವಿಷಯ ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಅದು ಬರಲಿಲ್ಲ. ತಲೆ ತಿರುಗಿತು, ಯಾರೋ ಬಾಯಿಗೆ ಸಿಹಿ ಹಾಕಿದರು, ಈಗ ಅನ್ನ ತಿನ್ನು ಎನ್ನುತ್ತಿದ್ದಾರೆ, ಚಂದ್ರ ಬಂದಿಲ್ಲ. "ನಾನು ತಿನ್ಲಾ? ನೀನು ಬೇಡ ಅಂದ್ರೆ ತಿನ್ನೂದಿಲ್ಲ."

ನಾನು ಫೋನಿನ ಕಡೆಗೆ ಬಾಗಿದೆ.

"ನಿಂಗೆ ಮರ್ಲಾ ಅಕ್ಕ, ತಲೆ ಸರಿ ಉಂಟಾ?" ದನಿಯಲ್ಲಿದ್ದ ನಿದ್ದೆ ಪೂರ್ತಿ ಹೋಗಿತ್ತು. "ಶುಗರ್ ಇಟ್ಟುಕೊಂಡು ಉಪವಾಸ ಮಾಡು ಅಂತ ನಾನು ಹೇಳಿದ್ನಾ? ಬಾಣಂತನಕ್ಕೆ ಯಾರು ಬರೂದು? ನಿನ್ನ ಫೋಟೋವಾ?"

"ಹಾಗೆಲ್ಲ ಮಾತಾಡ್ಬೇಡ ಈ ಹೊತ್ತಲ್ಲಿ."

"ತಿನ್ನು. ಈಗ ತಿನ್ನು. ಫೋನ್ ಇಡ್ಬೇಡ, ನೀನು ತಿನ್ನೂದು ನಂಗೆ ಕೇಳ್ಬೇಕು."

ಅವರು ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಜಪಾನಿ ಊಟದ ಕಡ್ಡಿಗಳನ್ನು ಪಕ್ಕಕ್ಕೆ ಸರಿಸಿ, ಬಲಗೈ ಬೆರಳುಗಳಿಂದ ಒಂದು ತುತ್ತು ಕೂಡಿಸಿದರು. ಬಿಸಿಯಿತ್ತು, ಊದಲಿಲ್ಲ. ಬಾಯಿಗಿಟ್ಟು ಅಗಿದರು. ಅಳುತ್ತಿದ್ದರು, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ.

"ನುಂಗಿದ್ಯಾ?"

"ಹ್ಞೂಂ."

"ಇನ್ನೊಂದು" ಎಂದಳು ತಂಗಿ.

ಅವರು ಇನ್ನೊಂದು ತುತ್ತು ಕೂಡಿಸಿದರು.